ಎರಡು ಹಳದಿ, ಒಂದು ಕಪ್ಪು, ನಾಲ್ಕು ಕೆಂಪು

ಸೀರೆಯಂಚಿನ ಆ ದಡಿಗೆ 'ಸಾಹುಕಾರ ದಡಿ' ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊನ್ನೆ ಬಾದಾಮಿಯ ಅಂಗಡಿಯೊಂದರಲ್ಲಿ ಕೆಲಸದ ಹುಡುಗಿ ಒಂದು ಸೀರೆ ಬಿಚ್ಚಿ ಹಾಸಿ, "ಇದು ಹಳೇ ಸಾವ್ಕಾರ ದಡಿ ನೋಡ್ರಿ ಅಕ್ಕಾರ, ನಿಮ್ಮ ಕಾಲದ್ದು" ಅಂದಳು. ಪಾಪ, ಅವಳ ತಪ್ಪೇನಿಲ್ಲ. ಆದರೂ ನಾನು ಸುಮ್ಮನಿರಲಿಲ್ಲ. "ಯಾವ ಸಾವ್ಕಾರಬೇ? ಅಂವ ಒಂದು ಎಳಿ ಕೈಲೆ ಮುಟ್ಟಿದವನಲ್ಲ" ಅಂತ ಗದರಿಸಿ ಎದ್ದು ಬಂದೆ. ಇಷ್ಟು ವರ್ಷದ ಸಿಟ್ಟು ಹೋಗಿ ಹೋಗಿ ಒಂದು ಅಂಗಡಿ ಹುಡುಗಿಯ ಮೇಲೆ ಬಿತ್ತಲ್ಲ ಅಂತ ಮತ್ತೆ ನನ್ನ ಮೇಲೆಯೇ ಸಿಟ್ಟು ಬಂತು.

ಆ ದಡಿ ನನ್ನ ಸೋದರತ್ತೆಯದು, ಅಪ್ಪನ ತಂಗಿಯದು. ಮದುವೆಯಾದ ಎರಡನೇ ವರ್ಷಕ್ಕೆ ಅವಳ ಗಂಡ ತೀರಿಕೊಂಡ. ಒಂದು ಟ್ರಂಕು ಹಿಡಿದು ಇಳಕಲ್ಲಿನ ತವರಿಗೆ ವಾಪಸು ಬಂದವಳು ಮತ್ತೆ ಎಲ್ಲೂ ಹೋಗಲಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳನ್ನು ಬಣ್ಣ ಹೋದ ಎರಡು ಸೀರೆಗಳಲ್ಲೇ ನೋಡಿದ್ದೇನೆ. ಸುತ್ತಲಿನ ಊರುಗಳ ಮದುಮಕ್ಕಳು ಯಾವ ಬಣ್ಣಕ್ಕೆ ಯಾವ ದಡಿ ಉಡಬೇಕು ಅಂತ ಹೇಳುತ್ತಿದ್ದವಳು ಅವಳು. ತಾನು ಮಾತ್ರ ಒಂದು ಹಸಿರು ಎಳೆಯನ್ನೂ ಮೈಮೇಲೆ ಹಾಕಿಕೊಳ್ಳುವಂತಿರಲಿಲ್ಲ. ಇದು ಯಾರು ಮಾಡಿದ ಕಾನೂನು ಅಂತ ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಜಾಗದಲ್ಲಿ ಬರೆಯದೆ ಬಿಟ್ಟವಳು ನಾನು; ಈಗ ಪುಸ್ತಕದಲ್ಲಿ ಬರೆದು ದೊಡ್ಡವಳಾಗುವ ಹಕ್ಕು ನನಗಿಲ್ಲ. ಸಾಹುಕಾರನ ಹೆಸರನ್ನಂತೂ ಬರೆಯುವುದೇ ಇಲ್ಲ. ಅದು ಬೇಕಾದಷ್ಟು ಕಡೆ ಬಿದ್ದಿದೆ.

ನಮ್ಮ ಓಣಿಯಲ್ಲಿ ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ನೋಡಲು ಬಂದವರಿಗೆ ಕಾಣುವುದೂ ಅದೇ, ಫೋಟೋದಲ್ಲಿ ಬರುವುದೂ ಅದೇ. ಅದಕ್ಕೂ ಮುಂಚಿನ ಕೆಲಸವೆಲ್ಲ ಹೆಂಗಸರದು. ದಾರ ಬಿಡಿಸುವುದು, ಸುತ್ತುವುದು, ಗಂಜಿ ಹಚ್ಚುವುದು, ಕಡೆಗೆ ಹಾಸು ಹಾಕುವುದು. ಹಾಸು ಅಂದರೆ ಸೀರೆಯ ಉದ್ದಕ್ಕೂ ಓಡುವ ಎಳೆಗಳು. ಓಣಿಯ ಈ ತುದಿಗೊಂದು ಗೂಟ, ಆ ತುದಿಗೊಂದು ಗೂಟ ನೆಟ್ಟು, ದಾರ ಹಿಡಿದು ಬಿಸಿಲಿನಲ್ಲಿ ಹೋಗುತ್ತ ಬರುತ್ತ ಸುತ್ತು ಹಾಕಬೇಕು. ದಡಿಯಲ್ಲಿ ಯಾವ ಬಣ್ಣದ ಗೆರೆಯ ಪಕ್ಕ ಯಾವ ಗೆರೆ ಬರಬೇಕು ಅನ್ನುವುದು ಅಲ್ಲಿಯೇ ತೀರ್ಮಾನವಾಗುತ್ತದೆ. ಒಮ್ಮೆ ಮಗ್ಗಕ್ಕೆ ಏರಿತೆಂದರೆ ನೇಯುವವನು ತಲೆಕೆಳಗಾದರೂ ಅದನ್ನು ಬದಲಿಸಲಾರ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಉಳಿದ ಬಳಿದ ದಾರವನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಹಳದಿಯ ಪಕ್ಕ ಕೆಂಪು ಇಟ್ಟಳು, ತೆಗೆದಳು. ನಡುವೆ ಒಂದು ಕಪ್ಪು ಇಟ್ಟಳು. ಕಣ್ಣು ಕಿರಿದು ಮಾಡಿ ನೋಡಿ ನನ್ನನ್ನು ಕರೆದಳು.

"ನೋಡಬೇ ಇಲ್ಲಿ. ಹಳದಿ ಕೆಂಪು ಒಂದರ ಬಾಜೂಕ ಒಂದು ಇಟ್ರ ಒಂದನ್ನ ಒಂದು ತಿಂದ ಹಾಕತಾವ. ನಡುವ ಒಂದು ಕರಿದು ನಿಂತಿತಂದ್ರ ಎರಡೂ ಹೆಂಗ ಬೆಳಗತಾವ ನೋಡು."

ಖರೆ, ಬೆಳಗುತ್ತಿದ್ದವು. ಆಗ ನಾನು ಆರನೇ ಇಯತ್ತೆಯಲ್ಲಿದ್ದೆ. ಚಿತ್ರಕಲೆಯ ಮಾಸ್ತರರು ವರ್ಷವಿಡೀ ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚನ್ನು ಆ ಒಂದು ಮಾತಿನಲ್ಲಿ ಕಲಿತೆ.

ಎರಡು ಸುತ್ತು ಹಳದಿ, ಒಂದು ಕಪ್ಪು, ನಾಲ್ಕು ಕೆಂಪು, ಮತ್ತೆ ಒಂದು ಕಪ್ಪು. ದಡಿ ಮುಗಿಯುವ ತನಕ ಇದೇ ಲೆಕ್ಕ. ನಡುವೆ ಎಲ್ಲಿಯೂ ಜಾರಬಾರದು. ಬರೆದಿಟ್ಟುಕೊಳ್ಳಲು ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ಹಾಡು ಕಟ್ಟಿದಳು. ಅವಳದೇ ಮಾತು, ಅವಳದೇ ಧಾಟಿ.

ಎರಡು ಮಂದಿ ಅರಿಷಿಣದವರು ಬಂದಾರ ಅಂಗಳಕ,
ಒಬ್ಬಾಕಿ ಕರಿಯಾಕಿ ಹಿಂದ ನಿಂತಾಳ,
ನಾಕು ಮಂದಿ ಕುಂಕುಮದವರು ನಕ್ಕೋತ ಹೋದಾರ,
ಒಬ್ಬಾಕಿ ಕರಿಯಾಕಿ ಹಿಂದ ನಿಂತಾಳ.

ಅತ್ತೆ ಹಾಡುತ್ತ ಓಣಿಯುದ್ದಕ್ಕೂ ನಡೆಯುತ್ತಿದ್ದಳು. ಆ ತುದಿಯ ಗೂಟದ ಹತ್ತಿರ ಬಣ್ಣದ ದಾರದ ಉಂಡೆಗಳನ್ನು ಇಟ್ಟುಕೊಂಡು ನಮ್ಮ ಅವ್ವ ಕೂತಿರುತ್ತಿದ್ದಳು. ಮುಂದೆ ಯಾವ ಬಣ್ಣ ಕೊಡಬೇಕು ಅಂತ ಅವ್ವನಿಗೆ ಆ ಹಾಡೇ ಹೇಳುತ್ತಿತ್ತು. ಹಾಡು ಕುಂಕುಮಕ್ಕೆ ಬಂತೆಂದರೆ ಅವ್ವನ ಕೈ ಕೆಂಪಿನ ಉಂಡೆಗೆ ಹೋಗುತ್ತಿತ್ತು. ಇದು ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಕೆಲಸದ ರೀತಿ. ಅಪ್ಪನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದು ಅನಿಸಲೂ ಇಲ್ಲ. ಹೆಂಗಸರು ಬೇಜಾರು ಕಳೆಯಲು ಹಾಡಿಕೊಳ್ಳುತ್ತಾರೆ ಅಂದುಕೊಂಡಿದ್ದ.

ದಡಿ ಹಿಡಿಯಿತು. ಮೊದಲು ನಮ್ಮ ಓಣಿ, ಆಮೇಲೆ ಹುನಗುಂದದ ಸಾಲಿ ಟೀಚರಮ್ಮಂದಿರು, ಆಮೇಲೆ ಬಾಗಲಕೋಟೆಯ ವಕೀಲರ ಮನೆಯ ಹೆಂಗಸರು. ಒಂದು ವರ್ಷದಲ್ಲಿ ಗುಡೂರಿನಿಂದ ಕಲಾದಗಿಯ ತನಕ ಯಾವ ಮದುವೆಗೆ ಹೋದರೂ ಆ ದಡಿಯ ಸೀರೆ ಕಾಣುತ್ತಿತ್ತು. ಅಪ್ಪ ನೇಯ್ದಿದ್ದನ್ನು ಕೊಂಡು ಮಾರುತ್ತಿದ್ದ ಸಾಹುಕಾರ ತನ್ನ ಅಂಗಡಿಯ ಮುಂದೆ ಅದನ್ನು ತೂಗುಹಾಕಿ 'ನಮ್ಮ ದಡಿ' ಅಂದ. ಗಿರಾಕಿಗಳು 'ಸಾವ್ಕಾರ ದಡಿ' ಅಂದರು. ಅಷ್ಟೇ ಸಾಕಾಯಿತು ನೋಡಿ. ಒಬ್ಬ ಹೆಂಗಸಿನ ಬುದ್ಧಿ ಒಬ್ಬ ಗಂಡಸಿನ ಹೆಸರಿಗೆ ವರ್ಗವಾಗಲು ಒಂದು ಅಂಗಡಿಯ ಬಾಗಿಲು ಸಾಕು.

ಹಾಡೂ ಹಾಗೆಯೇ ಹೋಯಿತು. ಗುಡೂರಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಅರಿಷಿಣ ಹಚ್ಚುವಾಗ ಹಾಡಲು ಎಲ್ಲರಿಗೂ ಅತ್ತೆಯೇ ಬೇಕು. ಆದರೆ ಹಂದರದೊಳಗೆ ಅವಳು ಕಾಲಿಡುವಂತಿಲ್ಲ. ಅಡುಗೆಮನೆಯಲ್ಲಿ ಬಾಗಿಲ ಮರೆಗೆ ಕೂತು ಅವಳು ಒಂದೊಂದು ಸಾಲು ಹಾಡುವುದು, ಹೊರಗೆ ಬಳೆ ತೊಟ್ಟವರು ಅದನ್ನು ಎತ್ತಿಕೊಳ್ಳುವುದು. ಹಾಡು ಶುಭ, ಹಾಡಿದವಳು ಅಶುಭ! ಥೂ ಇವರ ಶಾಸ್ತ್ರಕ್ಕಿಷ್ಟು! ನಾನು ಅತ್ತೆಯ ಪಕ್ಕದಲ್ಲೇ ಕೂತು ಬೆಲ್ಲ ತಿನ್ನುತ್ತಿದ್ದೆ. ನನಗೂ ಆಗ ಅದು ಸಹಜವಾಗಿಯೇ ಕಂಡಿತ್ತು, ಅದು ಇನ್ನೂ ಸಿಟ್ಟು ಬರಿಸುತ್ತದೆ.

ಗಂಡಿನ ಕಡೆಯವರಲ್ಲಿ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವ ಒಬ್ಬ ಮಾಸ್ತರ ಬಂದಿದ್ದ. ಅವನು ಕುರ್ಚಿಯನ್ನು ಅಡುಗೆಮನೆಯ ಕಿಟಕಿಗೆ ತಂದು ಹಾಕಿಕೊಂಡು, "ಅಕ್ಕಾರ, ಆ ಕರಿಯಾಕಿ ಹಾಡು ಇನ್ನೊಮ್ಮೆ ಅನ್ರಿ" ಅಂದ. ಅತ್ತೆ ಮೂರು ಸಲ ಹಾಡಿದಳು. ಅವನು ವಹಿಯಲ್ಲಿ ಬರೆದುಕೊಂಡ. ಊರಿಗೆ ಬರುವಾಗ ಬಸ್ಸಿನಲ್ಲಿ ಅವಳ ಮುಖ ನೋಡಬೇಕಿತ್ತು. "ಪೇಟಿ ಮಾಸ್ತರ ನನ್ನ ಹಾಡು ಬರಕೊಂಡ್ರು ಕಂಡಿಲ್ಲೋ?" ಅಂತ ದಾರಿಯುದ್ದಕ್ಕೂ ನನ್ನ ತೊಡೆ ಚಿವುಟಿ ಚಿವುಟಿ ಹೇಳಿದಳು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಬಾಗಲಕೋಟೆಯಲ್ಲಿ ಕೈಮಗ್ಗದ ಸೀರೆಗಳ ದೊಡ್ಡ ಪ್ರದರ್ಶನ ನಡೆಯುವುದಿತ್ತು. ಹೊಸ ನಮೂನೆ ತಂದವರಿಗೆ ಶಾಲು, ಪ್ರಶಸ್ತಿ ಪತ್ರ. ಸಾಹುಕಾರನೇ ಪ್ರದರ್ಶನದ ಒಬ್ಬ ಸಾಹೇಬರನ್ನು ಜೀಪಿನಲ್ಲಿ ನಮ್ಮ ಓಣಿಗೆ ಕರೆದುಕೊಂಡು ಬಂದ. ಅತ್ತೆ, ಅವ್ವ ಅವತ್ತು ಹಾಸು ಹಾಕುತ್ತಿದ್ದರು. ಜೀಪಿನ ಸಪ್ಪಳ ಕೇಳಿ ಅಪ್ಪ ಮಗ್ಗದ ಕುಣಿಯಿಂದ ಎದ್ದು ಓಡಿ ಬಂದ.

"ಹಾಡು ಗೀಡು ಬಂದ್ ಮಾಡ್ರಿ. ದೊಡ್ಡ ಮಂದಿ ಬಂದಾರ, ಅವರ ಮುಂದ ಒದರಬ್ಯಾಡ್ರಿ."

ಒದರುವುದು! ಅತ್ತೆ ಏನೋ ಹೇಳಲು ಹೋದಳು. "ಬಾಯಿ ಮುಚ್ಚು ಅಂದ್ರ ಮುಚ್ಚಬೇಕು" ಅಂದ. ಮುಚ್ಚಿದಳು. ಸಾಹೇಬರು ನಿಂತು ನೋಡುವಷ್ಟು ಹೊತ್ತೂ ಅತ್ತಿಗೆ ನಾದಿನಿ ಇಬ್ಬರೂ ತುಟಿ ಬಿಗಿದು ದಾರ ಕೊಡುತ್ತ, ನಡೆಯುತ್ತ ಇದ್ದರು. ಸಾಹೇಬರು ಅಪ್ಪನ ಭುಜ ತಟ್ಟಿ, "ಭಾಳ ಚೊಲೋ ನಮೂನಿ ಮಾಡೀರಿ" ಅಂದರು. ಅಪ್ಪ ಕೈ ಮುಗಿದ. ಸಾಹುಕಾರ ನಕ್ಕ. ಸಾಹೇಬರು ಒಂದು ಫಾರಂ ಕೊಟ್ಟು, ತುಂಬಿ ನಾಳೆಯೇ ಕಳಿಸಿ ಅಂತ ಹೇಳಿ ಹೋದರು.

ಮನೆಯಲ್ಲಿ ಚೆಂದದ ಅಕ್ಷರ ನನ್ನದು. ಫಾರಂ ನನ್ನ ಕೈಗೆ ಬಂತು. ಮೇಲಿನಿಂದ ಎರಡನೇ ಸಾಲಿನಲ್ಲಿ 'ನಮೂನೆ ರೂಪಿಸಿದವರ ಹೆಸರು' ಅಂತ ಇತ್ತು. ನಾನು ಅದನ್ನು ಜೋರಾಗಿ ಓದಿದೆ. ಅತ್ತೆ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ದನಿ ತಗ್ಗಿಸಿ, "ಹಂಗಂದ್ರ ಅಲ್ಲಿ ನನ್ನ ಹೆಸರು ಬರೀಬೇಕಲ್ಲೇನು ಯವ್ವಾ?" ಅಂದಳು. "ಹೌದತ್ತಿ" ಅಂದೆ. ಅವಳು ಜೀವನದಲ್ಲಿ ಕೇಳಿದ್ದು ಅದೊಂದೇ. ಬಣ್ಣದ ಸೀರೆ ಕೇಳಿದವಳಲ್ಲ, ಹಂದರದಲ್ಲಿ ಜಾಗ ಕೇಳಿದವಳಲ್ಲ. ಒಂದು ಕಾಗದದ ಒಂದು ಸಾಲಿನಲ್ಲಿ ತನ್ನ ಹೆಸರು.

ನಾನು ಅಪ್ಪನ ಬಳಿ ಹೋಗಿ ಕೇಳಿದೆ. ಕೇಳಬಾರದಿತ್ತು. ಸುಮ್ಮನೆ ಬರೆದು ಲಕೋಟೆಗೆ ಹಾಕಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

"ತಲಿ ಗಿಲಿ ಕೆಟ್ಟೈತೇನು ನಿನಗ? ಮಗ್ಗ ಯಾರದು? ನೇಯ್ದವ ಯಾರು? ಗಂಡ ಸತ್ತಾಕಿ ಹೆಸರು ಹಾಕಿದ್ರ ವೇದಿಕಿ ಮ್ಯಾಲೆ ಯಾರನ್ನ ಕರೀತಾರ, ಆಕಿನ್ನ? ನನ್ನ ಹೆಸರು ಬರಿ."

ಬರೆದೆ. ನನ್ನ ಈ ಕೈಯಿಂದಲೇ, ನೀಲಿ ಶಾಯಿಯಲ್ಲಿ, ದುಂಡಗೆ ಅಪ್ಪನ ಹೆಸರು ಬರೆದೆ. ಹೊರಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಬರದಿ?"

"ಹೂಂ."

ಅವಳು ನನ್ನ ಗದ್ದ ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಂಡಳು.

ನಾಲ್ಕು ದಿನದ ಮೇಲೆ ಆ ಹಾಸು ಮಗ್ಗಕ್ಕೆ ಏರಿತು. ಅಪ್ಪ ಗೇಣುದ್ದ ನೇಯ್ದಿದ್ದನೋ ಇಲ್ಲವೋ, ಕುಣಿಯಲ್ಲಿ ಕೂತೇ ಕಿರುಚಿದ. ದಡಿಯಲ್ಲಿ ಎರಡು ಕಡೆ ಕಪ್ಪು ಗೆರೆ ಬಿದ್ದೇ ಇರಲಿಲ್ಲ. ಒಂದು ಕಡೆ ಹಳದಿ ಮೂರು ಸುತ್ತು ಬಂದಿತ್ತು. ಸಾಹೇಬರು ನಿಂತು ನೋಡಿದ್ದ ಆ ಹೊತ್ತಿನಲ್ಲೇ ಲೆಕ್ಕ ಹರಿದು ಹೋಗಿತ್ತು. ದಡಿಯ ಹಾಸು ಪೂರ್ತಿ ಕಿತ್ತು ಮತ್ತೆ ಹಾಕಬೇಕಿತ್ತು.

"ಕಣ್ಣು ಎಲ್ಲಿಟ್ಟಿದ್ರಿ ಇಬ್ಬರೂ? ಪ್ರದರ್ಶನಕ್ಕ ಕೊಡೋ ಸೀರಿ ಇದು!"

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತೆ ಸರಿಯಲಿಲ್ಲ. ಅವಳು ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

"ಕಣ್ಣಾಗ ಅಲ್ಲೋ ಯಣ್ಣಾ, ಲೆಕ್ಕ ಇದ್ದದ್ದು ನನ್ನ ಬಾಯಾಗ. ಬಾಯಿ ಮುಚ್ಚಿಸಿದಾಂವ ನೀನು. ಹಾಡು ಕೇಳಿ ಬಣ್ಣ ಕೊಡಾಕಿ ಇಕಿ. ಹಾಡು ಇಲ್ಲಂದ್ರ ಏನ ಕೊಡಬೇಕು? ಇಷ್ಟು ವರ್ಷ ನೇಯ್ದಿ, ಅದು ಹೆಂಗ ಬರತೈತಿ ಅಂತ ಒಂದಿನಾನರ ಕೇಳಿದಿಯೇನು? ಇರಲಿ ಬಿಡು. ಕಾಗದದಾಗ ನನ್ನ ಹೆಸರು ಬರಸೀದಿಯಲ್ಲ, ಅದಕ್ಕ ಸುಮ್ನ ಇದ್ದೇನಿ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ನಾನು ಮಗ್ಗದ ಕಂಬ ನೋಡಿದೆ. ಅಪ್ಪನ ಸಿಟ್ಟು ಅಲ್ಲಿಗೆ ಇಳಿಯಿತು. ಅವನೇ ಹೊರಗೆ ಹೋಗಿ ಗೂಟ ನೆಟ್ಟು ಕೊಟ್ಟ. ಅತ್ತೆ ಎರಡು ದಿನ ಓಣಿಯ ತುಂಬ ಎದೆ ತುಂಬಿ ಹಾಡಿ ದಡಿ ಸರಿ ಮಾಡಿದಳು.

ಪ್ರದರ್ಶನಕ್ಕೆ ಅವಳನ್ನು ಕರೆದುಕೊಂಡು ಹೋಗಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಾಗ ಎದುರಿಗೆ ಬರಬೇಡ ಅಂತ ಹಿಂದಿನ ದಿನವೇ ಹೇಳಿದ್ದರು; ಹಿತ್ತಲಲ್ಲಿ ಕೂತಿದ್ದಳು. ನಾನು ಅಪ್ಪನ ಜೊತೆ ಹೋದೆ. ಬಾಗಲಕೋಟೆಯ ಆ ಶಾಮಿಯಾನದಲ್ಲಿ ಅಪ್ಪನ ಹೆಸರು ಕೂಗಿದರು, ಶಾಲು ಹೊದಿಸಿದರು. ಸಾಹುಕಾರನಿಗೂ ಒಂದು ಹಾರ. ಆಮೇಲೆ ಮನರಂಜನೆಗೆ ಅಂತ ಪೇಟಿ ಮಾಸ್ತರ ವೇದಿಕೆ ಹತ್ತಿದ. ಹಾಡಿದ್ದು ಅತ್ತೆಯ ಹಾಡನ್ನೇ! 'ನನ್ನ ಸ್ವಂತ ರಚನೆ' ಅಂತ ಮೈಕಿನಲ್ಲಿ ಹೇಳಿ ಶುರು ಮಾಡಿದ. 'ಕರಿಯಾಕಿ' ಅನ್ನುವುದು ಅವನಿಗೆ ಚೆಂದ ಕಾಣಲಿಲ್ಲವೇನೋ, ಅದನ್ನು 'ಚೆಲುವಿ' ಮಾಡಿದ್ದ. ಎರಡನೇ ಸಲ ಬರುವ ಆ ಸಾಲನ್ನು ನುಂಗಿಯೇ ಬಿಟ್ಟಿದ್ದ. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಎದ್ದು ನಿಂತು, ಇದು ನಮ್ಮತ್ತೆಯ ಹಾಡು, ಆ ಸೀರೆ ನಮ್ಮತ್ತೆಯ ಸೀರೆ ಅಂತ ಒಂದು ಮಾತು ಕೂಗಿದ್ದರೆ ಏನಾಗುತ್ತಿತ್ತು? ಅಪ್ಪ ಒಂದು ಏಟು ಹೊಡೆಯುತ್ತಿದ್ದ. ಅಷ್ಟೇ. ಒಂದು ಏಟಿಗೆ ಹೆದರಿ ನಾನು ಅವಳನ್ನು ಮಾರಿದೆ.

ಪ್ರಶಸ್ತಿ ಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಮರುದಿನ ಅತ್ತೆ ನನ್ನನ್ನು ಅದರ ಮುಂದೆ ನಿಲ್ಲಿಸಿಕೊಂಡಳು. "ನಿಮ್ಮಪ್ಪನ ಶಾಲು ಇರಲಿ, ನಾ ಎಲ್ಲಿ ಹೊದ್ದುಕೊಳ್ಳಲಿ. ಇದರಾಗ ನನ್ನ ಹೆಸರು ಯಾವುದು, ತೋರಸು." ನಾನು ಬೆರಳಿಟ್ಟು ತೋರಿಸಿದೆ. ಅದು ಅಪ್ಪನ ಹೆಸರು. "ಇಷ್ಟು ಉದ್ದ ಐತೇನು ನನ್ನ ಹೆಸರು!" ಅಂತ ನಕ್ಕಳು. ಆವತ್ತಿನಿಂದ ದಿನಾ ಬೆಳಿಗ್ಗೆ ಕಸ ಹೊಡೆದ ಮೇಲೆ ಸೆರಗಿನ ತುದಿಯಿಂದ ಆ ಗಾಜನ್ನು ಒರೆಸುತ್ತಿದ್ದಳು. ಅಪ್ಪ ಅದನ್ನು ನೋಡುತ್ತಿದ್ದ. ಎಲ್ಲ ಗೊತ್ತಿದ್ದ ಅವ್ವ ನೋಡುತ್ತಿದ್ದಳು. ನಾನು ನೋಡುತ್ತಿದ್ದೆ. ಮೂರು ಜನರಲ್ಲಿ ಒಬ್ಬರಾದರೂ ಮನುಷ್ಯರಾಗಿದ್ದರೆ ಹೇಳಿಬಿಡುತ್ತಿದ್ದರು.

ಎಂಬತ್ತರ ದಶಕ ಬಂತು. ಮಾಸ್ತರನ ಹಾಡಿನ ಕ್ಯಾಸೆಟ್ ಬಂತು. ಚಹಾದಂಗಡಿ, ಬಸ್‌ಸ್ಟ್ಯಾಂಡು, ಮದುವೆಯ ಮೈಕು, ಎಲ್ಲ ಕಡೆ ಅದೇ. ಕ್ಯಾಸೆಟ್ಟಿನ ಮೇಲೆ ಸಾಹಿತ್ಯವೂ ಅವನದೇ, ಸಂಗೀತವೂ ಅವನದೇ. ಒಂದು ದಿನ ಅತ್ತೆ ಮತ್ತು ನಾನು ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅದು ಕೇಳಿಸಿತು. ಅವಳು ತಲೆ ಓರೆ ಮಾಡಿ ಕಡೆಯ ತನಕ ಕೇಳಿದಳು.

"ಎಲಾ ಇವನ! ಒಂದು ಕರಿ ಎಳಿ ನುಂಗ್ಯಾನಲ್ಲ. ಹಿಂಗ ಹಾಡಿದ್ರ ದಡಿ ಸೊಟ್ಟ ಬರತೈತಿ, ಹೇಳ ಅವಗ."

ಅವಳು ನಗುತ್ತಲೇ ಹೇಳಿದಳು. ನನಗೆ ಮಾತ್ರ ಆ ಕ್ಯಾಸೆಟ್ಟಿನ ರೀಲನ್ನು ಕಿತ್ತು ಕಾಲುವೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ. ಕಾಲೇಜಿಗೆ ಹೋಗುವ ಬಸ್ಸು ಹತ್ತಿದೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುತ್ತಿದ್ದಾಗ ನಮ್ಮ ಓಣಿಯ ಗುಡಿಯಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸಲು ಶುರು ಮಾಡಿದರು. ಅತ್ತೆ ಪಾಟಿ ಹಿಡಿದು ಹೋಗುತ್ತಾಳೆ ಅಂತ ಅವ್ವ ಕಾಗದ ಬರೆಸಿದ್ದಳು. ಓದಿ ನನಗೆ ಖುಷಿಯಾಗಬೇಕಿತ್ತು. ನೆನಪಾದದ್ದು ಗೋಡೆಯ ಮೇಲಿನ ಆ ಪ್ರಶಸ್ತಿ ಪತ್ರ.

ದೀಪಾವಳಿಗೆ ಮನೆಗೆ ಹೋದೆ. ನಡುಮನೆಗೆ ಕಾಲಿಟ್ಟ ಕೂಡಲೇ ಗೋಡೆ ನೋಡಿದೆ. ಪ್ರಶಸ್ತಿ ಪತ್ರದ ಗಾಜಿನ ಮೇಲೆ ಬೆರಳು ದಪ್ಪ ಧೂಳು. ತಿಂಗಳುಗಟ್ಟಲೆ ಅದನ್ನು ಯಾರೂ ಒರೆಸಿರಲಿಲ್ಲ. ಅವಳು ಓದಿದ್ದಾಳೆ ಅಂತ ನನಗೆ ಗೊತ್ತಾಯಿತು. ಅತ್ತೆ ಎಂದಿನಂತೆ ರೊಟ್ಟಿ ಬಡಿದು ಹಾಕಿದಳು, ಎಣ್ಣೆ ಹಚ್ಚಿ ತಲೆ ಬಾಚಿದಳು. ಏನೂ ಕೇಳಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಕೇಳದಿದ್ದಕ್ಕೆ ನಾನೂ ಹೇಳದೆ ಉಳಿದುಬಿಟ್ಟೆ. ನನ್ನಂಥ ಹೇಡಿಗೆ ಅಷ್ಟು ನೆಪ ಸಾಕಿತ್ತು.

ಓದು ಮುಗಿದ ವರ್ಷ ಬಾದಾಮಿಯ ಕಡೆ ನನ್ನ ಮದುವೆ ಗೊತ್ತಾಯಿತು. "ಇಕಿ ಸೀರಿ ಹಾಸು ನಾ ಒಬ್ಬಾಕಿನ ಹಾಕ್ತೇನಿ, ಯಾರೂ ಬರಬ್ಯಾಡ್ರಿ" ಅಂತ ಅತ್ತೆ ಹೇಳಿದಳು. ದಾರದ ಉಂಡೆಗಳನ್ನೂ ತಾನೇ ಹೊತ್ತುಕೊಂಡು ಆ ತುದಿಗೂ ಈ ತುದಿಗೂ ಓಡಾಡಿದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಲು ನೋಡಿದೆ. ಓಣಿಯಲ್ಲಿ ಹಾಡೇ ಇರಲಿಲ್ಲ.

ಅಪ್ಪ ನೇಯ್ದು ಮುಗಿಸಿದ ದಿನ ಅವ್ವ ಸೀರೆಯನ್ನು ಬಿಚ್ಚಿ ಹಾಸಿದಳು. "ದಡಿ ಯಾಕೋ ಸ್ವಲ್ಪ ಮಬ್ಬು ಬಂದೈತಿ. ಆದ್ರೂ ಚೊಲೋ ಆತು ಬಿಡು, ಮದುವಿ ಸೀರ್ಯಾಗ ಕರಿ ಬಣ್ಣ ಇಲ್ಲ" ಅಂದಳು. ನಾನು ಉಗುರು ಇಟ್ಟು ಎಣಿಸಿದೆ. ಎರಡು ಹಳದಿ, ನಾಲ್ಕು ಕೆಂಪು. ಎರಡು ಹಳದಿ, ನಾಲ್ಕು ಕೆಂಪು. ಆ ತುದಿಯಿಂದ ಈ ತುದಿಯ ತನಕ ಎಲ್ಲಿಯೂ ತಪ್ಪಿರಲಿಲ್ಲ. ಬೇಕೆಂತಲೇ ಹಾಕಿದ ಲೆಕ್ಕ ಅದು. ಹಳದಿಯೂ ಕೆಂಪೂ ಒಂದರೊಳಗೊಂದು ಕಲಸಿಹೋಗಿದ್ದವು.

ಸೀರೆಯನ್ನು ಎದೆಗೆ ಅವಚಿಕೊಂಡು ಹಿತ್ತಲಿಗೆ ಹೋದೆ. ಅತ್ತೆ ತೊಳೆದ ದಾರವನ್ನು ಕೊಡವಿ ಒಣಹಾಕುತ್ತಿದ್ದಳು.

"ಅತ್ತಿ, ದಡ್ಯಾಗ ಕರಿಯಾಕಿ ಇಲ್ಲಲ್ಲ."

ಅವಳು ಕೈಯಲ್ಲಿದ್ದ ದಾರವನ್ನು ತಂತಿಗೆ ಹಾಕಿ, ಸಿಕ್ಕು ಬಿಡಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಬರೀಲಿಲ್ಲಲ್ಲಬೇ," ಅಂದಳು. "ಅದಕ್ಕ ನಾನೂ ಹಾಕಲಿಲ್ಲ."